ಎನ್ರಾನಿನ ಕೆನ್ನೆತ್ ಲೇ: ಒಬ್ಬ ಅನಿಲ ಉದ್ಯಮಿಯ ಏಳುಬೀಳು



ಇಂದು ಸಂಜೆ ಮನೆಗೆ ಹೋದಾಗ ನಿಮ್ಮ ತಂದೆಯವರನ್ನೋ ಅಜ್ಜನನ್ನೋ “ಎನ್ರಾನ್ ಎಂದರೇನು?” ಎಂದು ಕೇಳಿ ನೋಡಿರಿ. ಸೋಲಾಪುರದಲ್ಲಿ ಚಾದರು, ಟವೆಲ್ಲುಗಳ ಮಗ್ಗ ನಡೆಸಿದವರಿರಲಿ, ಅಕ್ಕಲಕೋಟೆ ತಾಲೂಕಿನಲ್ಲಿ ಬಾವಿಗೆ ಮೋಟಾರು ಕೂಡಿಸಿ ಕಬ್ಬು ಬೆಳೆದವರಿರಲಿ, 1995ರ ಸುಮಾರಿಗೆ ಪತ್ರಿಕೆ ಓದುತ್ತಿದ್ದ ಎಲ್ಲರಿಗೂ ಆ ಹೆಸರು ಚೆನ್ನಾಗಿ ನೆನಪಿರುತ್ತದೆ. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಎನ್ರಾನನ್ನು ಅರಬ್ಬೀ ಸಮುದ್ರಕ್ಕೆ ಎಸೆಯುತ್ತೇವೆಂಬ ಘೋಷಣೆ ರಾಜ್ಯದ ತುಂಬ ಮೊಳಗಿತ್ತು. ಕೊಂಕಣದ ಕಡಲ ದಂಡೆಯಲ್ಲಿ ಕಟ್ಟುತ್ತಿದ್ದ ಒಂದು ವಿದ್ಯುತ್ ಕೇಂದ್ರಕ್ಕಾಗಿ ಸರಕಾರಗಳೇ ಅಲುಗಾಡಿದವು. ಆದರೆ ಅದರ ಹಿಂದಿದ್ದ ಮನುಷ್ಯ ಯಾರು, ಎಲ್ಲಿಯವನು, ಹೇಗೆ ಮೇಲೇರಿದನು, ಹೇಗೆ ಬಿದ್ದನು ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿಯದು. ಅವರ ಹೆಸರು ಕೆನ್ನೆತ್ ಲೇ. ಅವರ ಜೀವನವನ್ನು ತಿಳಿಯುವುದೆಂದರೆ ನಮ್ಮ ಮನೆಯ ಲೈಟ್ ಬಿಲ್ಲಿನ ಒಂದು ಹಳೆಯ ಅಧ್ಯಾಯವನ್ನು ತಿಳಿದಂತೆಯೇ ಸರಿ.

ಕೆನ್ನೆತ್ ಲೀ ಲೇ ಅವರು 1942ರ ಏಪ್ರಿಲ್ 15ರಂದು ಅಮೇರಿಕದ ಮಿಸ್ಸೌರಿ ರಾಜ್ಯದ ಟೈರೋನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಕ್ರೈಸ್ತ ಧರ್ಮದ ಬ್ಯಾಪ್ಟಿಸ್ಟ್ ಪಂಥದ ಉಪದೇಶಕರು. ಉಪದೇಶದಿಂದ ಹೊಟ್ಟೆ ತುಂಬದ್ದರಿಂದ ಟ್ರ್ಯಾಕ್ಟರುಗಳನ್ನು ಮಾರುತ್ತಿದ್ದರು. ಹನ್ನೊಂದು ವರ್ಷ ತುಂಬುವ ತನಕ ತಾವಿದ್ದ ಮನೆಯೊಳಗೆ ನಳವಾಗಲಿ ಶೌಚಾಲಯವಾಗಲಿ ಇರಲಿಲ್ಲವೆಂದು ಲೇ ಮುಂದೆ ಹೇಳಿಕೊಳ್ಳುತ್ತಿದ್ದರು. ಹುಡುಗ ಮನೆಮನೆಗೆ ಪತ್ರಿಕೆ ಹಾಕಿದನು, ಅಂಗಳದ ಹುಲ್ಲು ಕತ್ತರಿಸಿದನು, ನೆರೆಯವರ ಹೊಲಗಳಲ್ಲಿ ಟ್ರ್ಯಾಕ್ಟರ್ ಹೊಡೆದನು. ಓದಿನಲ್ಲಿ ಮಾತ್ರ ಹಿಂದೆ ಬೀಳಲಿಲ್ಲ. ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನು ಅಭ್ಯಾಸ ಮಾಡಿ ಬಿ.ಎ., ಎಂ.ಎ. ಪದವಿಗಳನ್ನು ಪಡೆದು, ತೈಲ ಕಂಪನಿಯೊಂದರಲ್ಲಿ ನೌಕರಿ ಹಿಡಿದು, ನಡುವೆ ನೌಕಾದಳದಲ್ಲಿ ಸೇವೆ ಸಲ್ಲಿಸಿ, 1970ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಬಡತನದಿಂದ ಬಂದ ಹುಡುಗನೊಬ್ಬ ಇಷ್ಟು ಓದಿದ್ದು ಸಣ್ಣ ಮಾತಲ್ಲ. ಇಲ್ಲಿಯವರೆಗಿನ ಕಥೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ಇದು ನಮ್ಮ ಪಠ್ಯಪುಸ್ತಕದ ಆದರ್ಶ ಪಾಠಗಳ ಸಾಲಿನಲ್ಲಿ ನಿಲ್ಲುತ್ತಿತ್ತು.

ಮುಂದಿನದನ್ನು ತಿಳಿಯಬೇಕಾದರೆ ನೈಸರ್ಗಿಕ ಅನಿಲದ ವ್ಯಾಪಾರ ಹೇಗಿರುತ್ತದೆಂಬುದನ್ನು ಸ್ವಲ್ಪ ಅರಿಯಬೇಕು. ಭೂಮಿಯ ಆಳದಲ್ಲಿ ತೈಲದ ಜೊತೆಗೋ ಬೇರೆಯಾಗಿಯೋ ದೊರೆಯುವ ಈ ಅನಿಲದ ಮುಖ್ಯ ಅಂಶ ಮೀಥೇನ್. ಉರಿಸಿದರೆ ಕಲ್ಲಿದ್ದಲಿಗಿಂತ ಶುಚಿ, ಬೂದಿಯಿಲ್ಲ. ಆದರೆ ಸೀಮೆಎಣ್ಣೆಯಂತೆ ಇದನ್ನು ಡಬ್ಬಿಯಲ್ಲಿ ತುಂಬಿ ಒಯ್ಯಲು ಬಾರದು. ಒಂದೋ ಕೊಳವೆ ಮಾರ್ಗ ಹಾಕಬೇಕು, ಇಲ್ಲವೇ ಸೊನ್ನೆಗಿಂತ ಕೆಳಗೆ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪುಮಾಡಿ ದ್ರವವಾಗಿಸಿ ವಿಶೇಷ ಹಡಗಿನಲ್ಲಿ ಸಾಗಿಸಬೇಕು. ದ್ರವವಾದಾಗ ಅದರ ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡೂ ದುಬಾರಿಯ ಕೆಲಸ. ಆದ್ದರಿಂದ ಈ ವ್ಯಾಪಾರದಲ್ಲಿ ಬಾವಿ ಉಳ್ಳವನಿಗಿಂತ ಕೊಳವೆ ಉಳ್ಳವನೇ ದೊಡ್ಡವನು. ಅಮೇರಿಕದಲ್ಲಿ ಬಹುಕಾಲ ಅನಿಲದ ದರವನ್ನು ಸರಕಾರವೇ ಗೊತ್ತುಮಾಡುತ್ತಿತ್ತು. 1978ರಿಂದ ಆ ನಿಯಂತ್ರಣವನ್ನು ಹಂತಹಂತವಾಗಿ ಸಡಿಲಿಸತೊಡಗಿದರು.

ಲೇ ಅವರು ವಾಷಿಂಗ್ಟನ್ನಿನಲ್ಲಿ ಸರಕಾರದ ವಿದ್ಯುತ್ ಆಯೋಗದಲ್ಲಿಯೂ ಇಂಧನದ ಖಾತೆಯಲ್ಲಿಯೂ ಅಧಿಕಾರಿಯಾಗಿದ್ದವರು. ನಿಯಮ ಮಾಡುವ ಮನೆಯನ್ನು ಒಳಗಿನಿಂದ ಕಂಡಿದ್ದರು. ನಿಯಂತ್ರಣ ಹೋದರೆ ಅನಿಲ ಅಗ್ಗವಾಗುವುದು, ವ್ಯಾಪಾರ ಬೆಳೆಯುವುದು ಎಂಬುದು ಅವರ ದೃಢವಾದ ನಂಬಿಕೆ. 1974ರಲ್ಲಿ ಫ್ಲೋರಿಡಾ ಗ್ಯಾಸ್ ಕಂಪನಿ ಸೇರಿದರು. 1984ರಲ್ಲಿ ಹ್ಯೂಸ್ಟನ್ ನ್ಯಾಚುರಲ್ ಗ್ಯಾಸ್ ಕಂಪನಿಯ ಮುಖ್ಯಸ್ಥರಾದರು. ಮರುವರ್ಷವೇ ಒಮಾಹಾ ನಗರದ ಇಂಟರ್‌ನಾರ್ತ್ ಎಂಬ ದೊಡ್ಡ ಕಂಪನಿ ಅದನ್ನು 230 ಕೋಟಿ ಡಾಲರಿಗೆ ಕೊಂಡಿತು. ಕೊಂಡವರು ಅವರು, ಆದರೆ ಕೆಲವೇ ತಿಂಗಳಲ್ಲಿ ಒಟ್ಟು ಸಂಸ್ಥೆಯ ಗಾದಿಯ ಮೇಲೆ ಕುಳಿತವರು ಲೇ! ಸುಮಾರು 37 ಸಾವಿರ ಮೈಲಿಗಳ ಕೊಳವೆ ಮಾರ್ಗ ಅವರ ಕೈಗೆ ಬಂದಿತು. ಹೊಸ ಕಂಪನಿಗೆ ಮೊದಲು ‘ಎಂಟೆರಾನ್’ ಎಂದು ಹೆಸರಿಡಬೇಕೆಂದಿದ್ದರಂತೆ. ಗ್ರೀಕ್ ಮೂಲದ ಆ ಶಬ್ದಕ್ಕೆ ಕರುಳು ಎಂಬ ಅರ್ಥವಿದೆಯೆಂದು ಗೊತ್ತಾದ ಮೇಲೆ, ಅನಿಲದ ಕಂಪನಿಗೆ ಕರುಳಿನ ಹೆಸರು ನಗೆಗೀಡಾದೀತೆಂದು ‘ಎನ್ರಾನ್’ ಎಂದು ಮೊಟಕುಗೊಳಿಸಿದರು.

1987ರಲ್ಲಿಯೇ ಒಂದು ಅಪಶಕುನ ಕಂಡಿತ್ತು. ಎನ್ರಾನಿನ ತೈಲ ವ್ಯಾಪಾರದ ಶಾಖೆಯಲ್ಲಿ ಇಬ್ಬರು ಲೆಕ್ಕ ತಿದ್ದಿ ಸುಳ್ಳು ವ್ಯವಹಾರ ತೋರಿಸುತ್ತಿದ್ದ ಸಂಗತಿ ಬಯಲಾಯಿತು. ಆದರೆ ಆ ಶಾಖೆ ಲಾಭ ತರುತ್ತಿತ್ತು. ಲೇ ಅವರನ್ನು ಕೂಡಲೇ ತೆಗೆಯಲಿಲ್ಲ, ಕೆಲಸದಲ್ಲಿಯೇ ಮುಂದುವರಿಸಿದರು. ಅದೇ ವರ್ಷದ ಕೊನೆಗೆ ಬಚ್ಚಿಟ್ಟ ನಷ್ಟ ಹೊರಬಿದ್ದು ಕಂಪನಿಗೆ 8.5 ಕೋಟಿ ಡಾಲರಿನ ಪೆಟ್ಟು ಬಿದ್ದಿತು. ಅವರಲ್ಲೊಬ್ಬನಿಗೆ ಸೆರೆವಾಸವೂ ಆಯಿತು. ನನ್ನ ಅಭಿಪ್ರಾಯದಲ್ಲಿ ಮುಂದಿನ ದೊಡ್ಡ ಅನಾಹುತದ ಬೀಜ ಈ ಸಣ್ಣ ಘಟನೆಯಲ್ಲಿದೆ. ಮನೆಯ ಯಜಮಾನ ಒಮ್ಮೆ ಕಣ್ಣು ಮುಚ್ಚಿದನೆಂದರೆ ಆಳುಗಳಿಗೆ ಅದರ ಅರ್ಥ ಬೇಗ ತಿಳಿಯುತ್ತದೆ.

ಆ ಬಳಿಕ ಎನ್ರಾನಿಗೆ ಬಂದವರು ಜೆಫ್ರಿ ಸ್ಕಿಲ್ಲಿಂಗ್ ಎಂಬ ಚತುರ. ಇವರ ಯುಕ್ತಿಯನ್ನು ನಮ್ಮ ಸೋಲಾಪುರದ ಉಳ್ಳಾಗಡ್ಡಿ ಪೇಟೆಯ ಉದಾಹರಣೆಯಿಂದ ತಿಳಿಯೋಣ. ಉಳ್ಳಾಗಡ್ಡಿಯ ದರ ಇಂದು ಏರುತ್ತದೆ, ನಾಳೆ ಇಳಿಯುತ್ತದೆ. ಒಬ್ಬ ಅಡತಿಯವನು ರೈತನಿಗೆ “ವರ್ಷವಿಡೀ ಇದೇ ದರ ಕೊಡುತ್ತೇನೆ” ಎಂದೂ, ಖಾನಾವಳಿಯವನಿಗೆ “ವರ್ಷವಿಡೀ ಇದೇ ದರಕ್ಕೆ ಒದಗಿಸುತ್ತೇನೆ” ಎಂದೂ ಕರಾರು ಮಾಡಿಕೊಂಡರೆ ಇಬ್ಬರಿಗೂ ನಿಶ್ಚಿಂತೆ, ನಡುವಿನ ಅಂತರ ಅವನ ಲಾಭ. ಸ್ಕಿಲ್ಲಿಂಗ್ ಅನಿಲದಲ್ಲಿ ಮಾಡಿದ್ದು ಇದನ್ನೇ. ಇದರಲ್ಲಿ ತಪ್ಪೇನೂ ಇಲ್ಲ, ಒಳ್ಳೆಯ ಯೋಚನೆಯೇ.

ತಪ್ಪು ಆರಂಭವಾದದ್ದು ಕೀರ್ದಿ ಪುಸ್ತಕದಲ್ಲಿ. ಒಬ್ಬ ರೈತನು ಸಕ್ಕರೆ ಕಾರಖಾನೆಯೊಡನೆ ಇಪ್ಪತ್ತು ವರ್ಷ ಕಬ್ಬು ಕೊಡುವ ಕರಾರು ಮಾಡಿಕೊಂಡನೆಂದು ತಿಳಿಯಿರಿ. ಕಬ್ಬು ಇನ್ನೂ ನಾಟಿಯಾಗಿಲ್ಲ, ಮಳೆ ಬಂದಿಲ್ಲ. ಆದರೂ ಅವನು ಇಪ್ಪತ್ತು ವರ್ಷದ ಲಾಭವನ್ನು ತಾನೇ ಅಂದಾಜು ಮಾಡಿ, ಸಹಿ ಮಾಡಿದ ದಿನವೇ ಜಮಾ ಬರೆದುಕೊಂಡರೆ ಹೇಗೆ? ಅಷ್ಟೇ ಅಲ್ಲ, ಆ ಬರಹವನ್ನು ತೋರಿಸಿ ಸಾಲ ತಂದು ಮನೆ ಕಟ್ಟಿಸಿದರೆ? ಎನ್ರಾನಿಗೆ ಇಂಥ ಲೆಕ್ಕದ ಪದ್ಧತಿಯನ್ನು ಬಳಸಲು 1992ರಲ್ಲಿ ಅಮೇರಿಕದ ಶೇರು ವ್ಯವಹಾರ ಆಯೋಗದ ಒಪ್ಪಿಗೆ ದೊರೆಯಿತು. ಅಂದಿನಿಂದ ಆ ಕಂಪನಿಯಲ್ಲಿ ಅನಿಲ ಹರಿಯುವುದಕ್ಕಿಂತ ಕರಾರಿಗೆ ಸಹಿ ಬೀಳುವುದೇ ಮುಖ್ಯವಾಯಿತು. ವಿದೇಶದ ಯೋಜನೆಗಳನ್ನು ಕುದುರಿಸಿದ ಅಧಿಕಾರಿಗಳಿಗೂ ಕೇಂದ್ರ ನಡೆದು ಲಾಭ ಬರುವ ಮೊದಲೇ, ವ್ಯವಹಾರ ಕುದುರಿದ ಕೂಡಲೇ, ದೊಡ್ಡ ಬೋನಸ್ಸು ಸಿಗುತ್ತಿತ್ತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಕೊಂಕಣಕ್ಕೆ ಬನ್ನಿರಿ.

1991ರಲ್ಲಿ ನಮ್ಮ ದೇಶದ ಆರ್ಥಿಕ ನೀತಿ ಬದಲಾಯಿತು. ವಿದ್ಯುತ್ ಉತ್ಪಾದನೆಗೆ ವಿದೇಶಿ ಬಂಡವಾಳವನ್ನು ಕರೆಯಲಾಯಿತು. 1992ರ ಜೂನ್ ತಿಂಗಳಲ್ಲಿ ಎನ್ರಾನ್ ಹಾಗೂ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯ ನಡುವೆ ಒಡಂಬಡಿಕೆಯ ಮೊದಲ ಪತ್ರವಾಯಿತು. ಟೆಂಡರು ಕರೆದಿರಲಿಲ್ಲ. ರತ್ನಾಗಿರಿ ಜಿಲ್ಲೆಯ ಗುಹಾಗರ ತಾಲೂಕಿನ ಅಂಜನವೇಲ ಹತ್ತಿರ, ವಾಶಿಷ್ಠಿ ನದಿ ಕಡಲು ಸೇರುವ ಕಡೆ, ಕೇಂದ್ರ ಕಟ್ಟುವುದೆಂದು ನಿಶ್ಚಯವಾಯಿತು. ಖಾಡಿಯ ಆಚೆ ದಂಡೆಯ ದಾಭೋಳ ಅದಕ್ಕೆ ಹೆಸರು ಕೊಟ್ಟಿತು. ಒಟ್ಟು ಶಕ್ತಿ 2015 ಮೆಗಾವ್ಯಾಟ್. ನಮ್ಮ ಸೋಲಾಪುರದ ಹತ್ತಿರ ಫತಾಟೇವಾಡಿಯಲ್ಲಿರುವ ಎನ್.ಟಿ.ಪಿ.ಸಿ. ಕೇಂದ್ರದ ಶಕ್ತಿ 1320 ಮೆಗಾವ್ಯಾಟ್ ಎಂದರೆ ಇದರ ಗಾತ್ರ ನಿಮಗೆ ತಿಳಿಯುತ್ತದೆ. ಮೊದಲು ತೈಲಮೂಲದ ಇಂಧನ ಉರಿಸುವುದು, ಮುಂದೆ ಹಡಗಿನಲ್ಲಿ ದ್ರವ ಅನಿಲ ತರಿಸುವುದು ಎಂಬುದು ಯೋಜನೆ. ಬಂಡವಾಳದಲ್ಲಿ ಎನ್ರಾನಿನದು ಶೇಕಡಾ 80. ಈ ಕೆಲಸದ ಮುಂದಾಳು ರೆಬೆಕ್ಕಾ ಮಾರ್ಕ್ ಎಂಬ ಮಹಿಳೆ. ಆಕೆಯೂ ಮಿಸ್ಸೌರಿಯ ರೈತ ಮನೆತನದವರು.

ಈ ವಿದ್ಯುತ್ತು ದುಬಾರಿ, ಇಷ್ಟು ದೊಡ್ಡ ಕೇಂದ್ರ ಬೇಡ ಎಂದು 1993ರಲ್ಲಿ ವಿಶ್ವ ಬ್ಯಾಂಕೇ ಸಾಲ ಕೊಡಲು ನಿರಾಕರಿಸಿತು. ಆದರೂ ಅದೇ ವರ್ಷದ ಡಿಸೆಂಬರ್ 8ರಂದು, ಶರದ ಪವಾರರು ಮುಖ್ಯಮಂತ್ರಿಗಳಾಗಿದ್ದಾಗ, ಇಪ್ಪತ್ತು ವರ್ಷಗಳ ಖರೀದಿ ಕರಾರಿಗೆ ಸಹಿ ಬಿತ್ತು. ರಾಜ್ಯ ಸರಕಾರ ಜಾಮೀನು ನಿಂತಿತು. ಅದರ ಮೇಲೆ 1994ರಲ್ಲಿ ಕೇಂದ್ರ ಸರಕಾರವೂ ಜಾಮೀನು ನಿಂತಿತು.

ಕರಾರಿನ ತಿರುಳನ್ನು ಪಾಲಕರು ಕೂಡ ಗಮನವಿಟ್ಟು ಓದಬೇಕು. ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಓಡಾಡಲು ನೀವು ಒಂದು ಜೀಪು ಗೊತ್ತುಮಾಡಿಕೊಂಡಿರಿ ಎನ್ನೋಣ. ತಿಂಗಳಿಗೆ 30 ಸಾವಿರ ರೂಪಾಯಿ ಬಾಡಿಗೆ, ಡೀಸೆಲ್ ಖರ್ಚು ಬೇರೆ. ಜೀಪು ಓಡಿದರೂ ಬಾಡಿಗೆ ಕೊಡಬೇಕು, ನಿಂತರೂ ಕೊಡಬೇಕು. ಮೂವತ್ತು ದಿನವೂ ಓಡಿಸಿದರೆ ದಿನಕ್ಕೆ ಒಂದು ಸಾವಿರ ಬಿದ್ದಿತು. ಹತ್ತೇ ದಿನ ಓಡಿಸಿದರೆ ದಿನಕ್ಕೆ ಮೂರು ಸಾವಿರ! ಡೀಸೆಲ್ ದರ ಏರಿದರೆ ಅದೂ ನಿಮ್ಮ ತಲೆಯ ಮೇಲೆ. ಬಾಡಿಗೆಯ ಬಹುಭಾಗ ಡಾಲರಿನಲ್ಲಿ ಗೊತ್ತಾಗಿದ್ದರೆ, ರೂಪಾಯಿ ಇಳಿದಷ್ಟೂ ನಿಮ್ಮ ಹೊರೆ ಏರುತ್ತದೆ. ದಾಭೋಳದ ಕರಾರು ಇದೇ ಜಾತಿಯದು. ಕೇಂದ್ರ ಶೇಕಡಾ 90ರಷ್ಟು ಸಜ್ಜಾಗಿದ್ದರೆ, ವಿದ್ಯುತ್ತು ಒಯ್ಯಲಿ ಬಿಡಲಿ, ಮಂಡಳಿ ಪೂರ್ತಿ ಸ್ಥಿರಶುಲ್ಕ ಕೊಡಬೇಕು. 1993ರಲ್ಲಿ ಡಾಲರಿಗೆ ಸುಮಾರು 31 ರೂಪಾಯಿ ಇದ್ದದ್ದು 2001ಕ್ಕೆ 47 ರೂಪಾಯಿ ಆಯಿತು. ಪುಣೆಯ ‘ಪ್ರಯಾಸ’ ಎಂಬ ಸಂಸ್ಥೆಯ ಅಭ್ಯಾಸಿಗಳು ಈ ಕರಾರಿನ ಲೆಕ್ಕಗಳನ್ನು ಬಿಡಿಸಿ ಜನರ ಮುಂದಿಟ್ಟರು. ಗಣಿತ ಬಂದವನು ಸಮಾಜಕ್ಕೆ ಏನು ಮಾಡಬಲ್ಲನೆಂಬುದಕ್ಕೆ ನಾನು ತರಗತಿಯಲ್ಲಿ ಈ ಉದಾಹರಣೆಯನ್ನು ಹೇಳುವುದುಂಟು.

ಊರಿನವರು ಸುಮ್ಮನೆ ಕೂಡಲಿಲ್ಲ. ಹೊಲ, ಮಾವಿನ ತೋಟ, ಮೀನುಗಾರಿಕೆ ಹಾಳಾಗುವುದೆಂದು ವೇಲದೂರ, ಅಂಜನವೇಲಗಳ ಜನ ಬೀದಿಗಿಳಿದರು. ಅವರ ಮೇಲೆ ಪೊಲೀಸರು ನಡೆಸಿದ ಬಲಪ್ರಯೋಗವನ್ನು ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಸಂಸ್ಥೆಗಳು ವರದಿ ಮಾಡಿದವು. 1995ರಲ್ಲಿ ಮನೋಹರ ಜೋಶಿಯವರ ಸರಕಾರ ಬಂದಿತು. ಆಗಸ್ಟ್ 3ರಂದು ಕರಾರು ರದ್ದೆಂದು ಘೋಷಿಸಿತು. ರೆಬೆಕ್ಕಾ ಮಾರ್ಕ್ ಮತ್ತೆ ಮಾತುಕತೆಗೆ ಬಂದರು. ಕೆಲವೇ ತಿಂಗಳಲ್ಲಿ, 1996ರ ಜನವರಿಗೆ, ಸಮುದ್ರಕ್ಕೆ ಎಸೆಯಬೇಕಾಗಿದ್ದ ಕೇಂದ್ರ ಇನ್ನಷ್ಟು ದೊಡ್ಡದಾಗಿ ಮರಳಿ ಬಂದಿತು: 2184 ಮೆಗಾವ್ಯಾಟ್! ಅದೇ ವರ್ಷದ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಹದಿಮೂರೇ ದಿನ ಬಾಳಿದ ಸರಕಾರ, ರಾಜೀನಾಮೆಗೆ ಮುಂಚೆ, ಜಾಮೀನಿಗೆ ಒಪ್ಪಿಗೆ ಕೊಟ್ಟು ಹೋಯಿತು. ಯಾವ ಪಕ್ಷವೂ ಇಲ್ಲಿ ಇನ್ನೊಂದು ಪಕ್ಷದತ್ತ ಬೆರಳು ತೋರಿಸುವಂತಿಲ್ಲ.

1999ರ ಮೇ ತಿಂಗಳಲ್ಲಿ 740 ಮೆಗಾವ್ಯಾಟಿನ ಮೊದಲ ಹಂತ ಆರಂಭವಾಯಿತು. ಯುನಿಟ್ಟಿಗೆ ಎರಡು ರೂಪಾಯಿಯ ಆಸುಪಾಸು ಬೀಳುವುದೆಂದು ಮೊದಲು ಸಾರಿದ್ದರು. ಮರುವರ್ಷ ನಾಫ್ತಾ ದರ ಏರಿತು, ರೂಪಾಯಿ ಇಳಿಯಿತು. ದುಬಾರಿಯೆಂದು ಮಂಡಳಿ ಕಡಿಮೆ ಕೊಂಡಿತು. ಕಡಿಮೆ ಕೊಂಡದ್ದರಿಂದ ಯುನಿಟ್ಟಿನ ದರ ಮತ್ತೂ ಏರಿತು. ಜೀಪಿನ ಲೆಕ್ಕ ನೆನಪಿಸಿಕೊಳ್ಳಿರಿ. ಕೆಲವು ತಿಂಗಳು ಅದು ಏಳು ರೂಪಾಯಿಯನ್ನೂ ಮೀರಿತು. 2000ದ ಕೊನೆಗೆ ಮಂಡಳಿಯ ಕೈ ಸೋತಿತು, ಬಿಲ್ಲು ಬಾಕಿ ಬಿದ್ದಿತು. 2001ರ ಏಪ್ರಿಲ್‌ನಲ್ಲಿ ಮಾಧವ ಗೋಡಬೋಲೆಯವರ ಸಮಿತಿ ಇಡೀ ವ್ಯವಹಾರವನ್ನು ಕಟುವಾಗಿ ಟೀಕಿಸಿತು. ಮೇ ತಿಂಗಳ ಕೊನೆಗೆ ಮಂಡಳಿ ವಿದ್ಯುತ್ತು ಕೊಳ್ಳುವುದನ್ನೇ ನಿಲ್ಲಿಸಿತು. ಸುಮಾರು 300 ಕೋಟಿ ಡಾಲರಿನ ಕೇಂದ್ರ, ಎರಡನೆಯ ಹಂತ ಬಹುತೇಕ ಕಟ್ಟಿ ಮುಗಿದಿದ್ದಾಗ, ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯುತ್ತ ನಿಂತಿತು.

ಆಗ ಲೇ ಏನು ಮಾಡುತ್ತಿದ್ದರು? ಹೊರಗೆ ಅವರ ಕೀರ್ತಿ ಶಿಖರದಲ್ಲಿತ್ತು. ‘ಫಾರ್ಚ್ಯೂನ್’ ಪತ್ರಿಕೆ ಸತತ ಆರು ವರ್ಷ ಎನ್ರಾನನ್ನು ಅಮೇರಿಕದ ಅತ್ಯಂತ ನವೀನ ಕಂಪನಿಯೆಂದು ಹೊಗಳಿತ್ತು. 2000ದ ಆಗಸ್ಟಿನಲ್ಲಿ ಅದರ ಒಂದು ಶೇರಿನ ಬೆಲೆ 90 ಡಾಲರು. ಹ್ಯೂಸ್ಟನ್ ನಗರದಲ್ಲಿ ಲೇ ದಾನಶೂರರು, ಅಧ್ಯಕ್ಷರುಗಳ ಆಪ್ತರು. ದಾಭೋಳದ ಹಣಕ್ಕಾಗಿ 2001ರ ಸೆಪ್ಟೆಂಬರಿನಲ್ಲಿ ಪ್ರಧಾನಿ ವಾಜಪೇಯಿಯವರಿಗೇ ಪತ್ರ ಬರೆದರು. ಒಳಗೆ ಮಾತ್ರ ಮನೆ ಗೆದ್ದಲು ತಿಂದಿತ್ತು. ಕಾಗದದ ಮೇಲೆ ಜಮಾ ಬರೆದ ಲಾಭ ಕೈಗೆ ಬಂದಿರಲಿಲ್ಲ. ಸಾಲ ಕಾಣಬಾರದೆಂದು ಹಣಕಾಸಿನ ಮುಖ್ಯಸ್ಥ ಆಂಡ್ರ್ಯೂ ಫಾಸ್ಟೋ ಹಲವಾರು ಹುಸಿ ಸಂಸ್ಥೆಗಳನ್ನು ಹುಟ್ಟುಹಾಕಿ ನಷ್ಟವನ್ನೂ ಸಾಲವನ್ನೂ ಅವುಗಳ ಹೊಟ್ಟೆಗೆ ತುರುಕಿದ್ದನು. ಲೆಕ್ಕ ತಪಾಸಣೆಯ ಹೆಸರಾಂತ ಸಂಸ್ಥೆ ಅದಕ್ಕೆಲ್ಲ ಸಹಿ ಹಾಕಿತ್ತು.

2001ರ ಆಗಸ್ಟ್ 14ರಂದು ಸ್ಕಿಲ್ಲಿಂಗ್ ಹಠಾತ್ತಾಗಿ ರಾಜೀನಾಮೆ ಕೊಟ್ಟರು. ಶೆರನ್ ವಾಟ್ಕಿನ್ಸ್ ಎಂಬ ಅಧಿಕಾರಿಣಿ, ಲೆಕ್ಕದ ಹಗರಣದಲ್ಲಿ ಕಂಪನಿ ಕುಸಿಯಬಹುದೆಂದು ಲೇ ಅವರಿಗೆ ಪತ್ರದ ಮೂಲಕ ಎಚ್ಚರಿಸಿದರು. ಅದಾದ ಮೇಲೂ, ಸೆಪ್ಟೆಂಬರಿನಲ್ಲಿ, ಲೇ ತಮ್ಮ ನೌಕರರಿಗೆ ಶೇರು ಅಗ್ಗದಲ್ಲಿದೆ, ಕೊಳ್ಳಿರೆಂದು ಹೇಳಿದರು. ಅದೇ ವರ್ಷ ತಮ್ಮ ಶೇರುಗಳನ್ನು ಕೋಟಿಗಟ್ಟಲೆ ಡಾಲರಿಗೆ ಕಂಪನಿಗೇ ಹಿಂದಿರುಗಿಸಿ ಸಾಲ ತೀರಿಸಿಕೊಂಡಿದ್ದರು. ಅಕ್ಟೋಬರ್ 16ರಂದು 61.8 ಕೋಟಿ ಡಾಲರ್ ನಷ್ಟ ಪ್ರಕಟವಾಯಿತು. ಡಿಸೆಂಬರ್ 2ರಂದು ಎನ್ರಾನ್ ದಿವಾಳಿ ಅರ್ಜಿ ಹಾಕಿತು. ಸಾವಿರಾರು ಜನ ಒಂದೇ ದಿನದಲ್ಲಿ ನೌಕರಿ ಕಳೆದುಕೊಂಡರು. ಮುಪ್ಪಿನ ಕಾಲಕ್ಕೆಂದು ನೌಕರರು ಕೂಡಿಟ್ಟ ಹಣದಲ್ಲಿ ಅರ್ಧಕ್ಕೂ ಹೆಚ್ಚು ಎನ್ರಾನಿನ ಶೇರಿನಲ್ಲಿಯೇ ಇದ್ದಿತು. ನಮ್ಮ ಕಡೆಯ ಗಿರಣಿ ಕಾರ್ಮಿಕರ ಮನೆಗಳಲ್ಲಿ ಬೆಳೆದ ಮಕ್ಕಳಿಗೆ, ಒಂದು ಮುಂಜಾನೆ ಗೇಟು ಮುಚ್ಚಿದರೆ ಮನೆಯಲ್ಲಿ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಲೇ ಅವರ ಮೇಲೆ 2004ರಲ್ಲಿ ಆರೋಪಪಟ್ಟಿ ಬಂದಿತು. 2006ರ ಜನವರಿಯಲ್ಲಿ ವಿಚಾರಣೆ ಪ್ರಾರಂಭವಾಯಿತು. ಕೈಕೆಳಗಿನವರು ಮೋಸ ಮಾಡಿದರು, ತಮಗೆ ತಿಳಿಯಲಿಲ್ಲ, ಪತ್ರಿಕೆಗಳೂ ಶೇರುಪೇಟೆಯೂ ಗಾಬರಿಗೊಂಡು ಒಳ್ಳೆಯ ಕಂಪನಿಯನ್ನು ಕೊಂದವು ಎಂಬುದು ಅವರ ವಾದ. ಕೊನೆಯವರೆಗೂ ಅದನ್ನು ಬಿಡಲಿಲ್ಲ. ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರಿಗೆ ತಮ್ಮ ಅಂಗಡಿಯ ಲೆಕ್ಕ ತಿಳಿಯಲಿಲ್ಲವೆಂಬುದನ್ನು ಪಂಚರು ನಂಬಲಿಲ್ಲ; ನನಗೂ ನಂಬುವುದು ಕಠಿಣ. ಮೇ 25ರಂದು ಎಲ್ಲ ಆರೋಪಗಳಲ್ಲಿಯೂ ಅಪರಾಧಿಯೆಂದು ತೀರ್ಪಾಯಿತು. ಶಿಕ್ಷೆಯ ಪ್ರಮಾಣ ಅಕ್ಟೋಬರಿನಲ್ಲಿ ಗೊತ್ತಾಗಬೇಕಾಗಿತ್ತು. ಜುಲೈ 5ರಂದು ಕೊಲರಾಡೊ ರಾಜ್ಯದಲ್ಲಿ ವಿಶ್ರಾಂತಿಗೆಂದು ಹೋಗಿದ್ದಾಗ ಹೃದ್ರೋಗದಿಂದ ಲೇ ಮರಣ ಹೊಂದಿದರು. ಆಗ ಅವರಿಗೆ 64 ವರ್ಷ. ಮೇಲ್ಮನವಿ ಮುಗಿಯುವ ಮುನ್ನ ಆರೋಪಿ ಸತ್ತರೆ ತೀರ್ಪು ಉಳಿಯದು ಎಂಬುದು ಅಲ್ಲಿಯ ಕಾನೂನಿನ ರೂಢಿ. ಅದರಂತೆ ಅಕ್ಟೋಬರ್ 17ರಂದು ನ್ಯಾಯಾಲಯ ಆ ತೀರ್ಪನ್ನು ಅಳಿಸಿಹಾಕಿತು. ಸ್ಕಿಲ್ಲಿಂಗ್ ಸೆರೆಮನೆಯಲ್ಲಿದ್ದು 2019ರಲ್ಲಿ ಬಿಡುಗಡೆಯಾದರು. ಕಂಪನಿಗಳ ಮುಖ್ಯಸ್ಥರು ತಮ್ಮ ಲೆಕ್ಕಪತ್ರಕ್ಕೆ ತಾವೇ ಸಹಿ ಮಾಡಿ ಹೊಣೆ ಹೊರಬೇಕೆಂಬ ಕಾಯಿದೆಯನ್ನು ಅಮೇರಿಕ 2002ರಲ್ಲಿಯೇ ಮಾಡಿತ್ತು.

ಇನ್ನು ದಾಭೋಳದ ಕಥೆ. ನಾಲ್ಕು ವರ್ಷ ಆ ಕೇಂದ್ರ ಬೀಗ ಹಾಕಿಕೊಂಡಿತ್ತು. ಇತ್ತ 2005ರ ಹೊತ್ತಿಗೆ ರಾಜ್ಯದಲ್ಲಿ ವಿದ್ಯುತ್ತಿನ ಕೊರತೆ ತೀವ್ರವಾಗಿ, ಹಳ್ಳಿಗಳಲ್ಲಿ ದಿನಕ್ಕೆ ಹಲವು ತಾಸು ಭಾರನಿಯಮನ ನಡೆಯುತ್ತಿತ್ತು. ಮಗ್ಗಗಳು ನಿಲ್ಲುತ್ತಿದ್ದವು, ರೈತರು ನಡುರಾತ್ರಿ ಎದ್ದು ಹೊಲಕ್ಕೆ ನೀರು ಬಿಡುತ್ತಿದ್ದರು. ಅತಿ ದುಬಾರಿಯೆಂದು ಬಿಟ್ಟ ವಿದ್ಯುತ್ತು ಒಂದು ಕಡೆ, ದುಡ್ಡು ಕೊಟ್ಟರೂ ಸಿಗದ ವಿದ್ಯುತ್ತು ಇನ್ನೊಂದು ಕಡೆ. 2005ರ ಜುಲೈಯಲ್ಲಿ ಎನ್.ಟಿ.ಪಿ.ಸಿ., ಗೇಲ್ ಮೊದಲಾದ ಸರಕಾರಿ ಸಂಸ್ಥೆಗಳು ಸೇರಿ ರತ್ನಾಗಿರಿ ಗ್ಯಾಸ್ ಅಂಡ್ ಪವರ್ ಎಂಬ ಕಂಪನಿ ಸ್ಥಾಪಿಸಿ ಕೇಂದ್ರವನ್ನು ವಹಿಸಿಕೊಂಡವು. ಲೇ ತೀರಿಕೊಂಡ 2006ರಲ್ಲಿಯೇ ಅದು ಮತ್ತೆ ಉಸಿರಾಡಿತು. ಆದರೆ ಅನಿಲ ಸಾಲದೆ 2013ರಲ್ಲಿ ಪುನಃ ನಿಂತಿತು. 2015ರಲ್ಲಿ ರೈಲ್ವೆಗೆ ವಿದ್ಯುತ್ತು ಕೊಡಲು ಎಬ್ಬಿಸಿದರು. ಅದರ ಪಕ್ಕದಲ್ಲಿ ದ್ರವ ಅನಿಲ ಇಳಿಸುವ ಬಂದರು 2013ರಲ್ಲಿ ಸಿದ್ಧವಾಯಿತು. 2018ರ ಮಾರ್ಚ್ ಕೊನೆಗೆ ಗೇಲ್ ಸಂಸ್ಥೆ ದೀರ್ಘಾವಧಿಯ ಕರಾರಿನ ಮೇಲೆ ಕೊಂಡ ಅಮೇರಿಕದ ಅನಿಲವನ್ನು ಹೊತ್ತ ಮೊದಲ ಹಡಗು, ಲೇ ಅವರ ಕಂಪನಿ ಗೊತ್ತುಮಾಡಿದ್ದ ಅದೇ ದಂಡೆಗೆ ಬಂದು ನಿಂತಿತು.